ಹಿತ್ತಲಿಗೆ ಅಶ್ವಗಂಧವೋ, ಶತಾವರಿಯೋ?

ಎರಡೂ ಬೇರಿನ ಮದ್ದು, ಎರಡೂ ವರ್ಷಗಟ್ಟಲೆ ಉಳಿಯುವ ಗಿಡ. ಬೀಜದಿಂದ ಬೆಳೆಸುವಾಗ ಮಾತ್ರ ದಾರಿ ಬೇರೆಬೇರೆ.

ಬೇಗ ಹಸಿರು ಕಾಣಬೇಕಾದರೆ ಅಶ್ವಗಂಧವೇ ಸರಿ. ಒಂದೆರಡು ವಾರದಲ್ಲಿ ಮೊಳಕೆ, 5–6 ತಿಂಗಳಿಗೆ ಬೇರು. ಬೀಜ ಸಣ್ಣದು, ಮೇಲೆ ತೆಳುವಾಗಿ ಮಣ್ಣು ಉದುರಿಸಿದರೆ ಸಾಕು. ಆದರೆ ನೀರು ನಿಂತರೆ ಬೇರು ಕೊಳೆಯುತ್ತದೆ. ಹುಬ್ಬಳ್ಳಿ, ಗದಗ ಕಡೆ ಎರೆಮಣ್ಣೇ ಜಾಸ್ತಿ ಅಲ್ವಾ? ಸುಮ್ನೆ ನೆಲಕ್ಕೆ ಬಿತ್ತಬೇಡಿ. ಕೆಂಪು ಮಣ್ಣು, ಮರಳು, ಗೊಬ್ಬರ ಕಲಸಿ ಏರುಮಡಿ ಮಾಡಿ, ಇಲ್ಲವೇ ಆಳದ ಕುಂಡದಲ್ಲಿ ಬೆಳೆಸಿ. ಬಸುರಿಯರು ಇದನ್ನು ತಿನ್ನಬಾರದು, ಮನೆಯವರಿಗೆಲ್ಲ ಹೇಳಿಡಿ.

ಶತಾವರಿಗೆ ತಾಳ್ಮೆ ಬೇಕು. ಬೀಜದ ಸಿಪ್ಪೆ ಗಟ್ಟಿ. ರಾತ್ರಿಯಿಡೀ ನೆನೆಸಿದರೂ ಮೊಳಕೆಗೆ ಮೂರು ವಾರಕ್ಕೂ ಹೆಚ್ಚು ಹಿಡಿಯಬಹುದು, ಬೇರಿಗೆ ಒಂದೂವರೆ ಎರಡು ವರ್ಷ. ಮುಳ್ಳಿನ ಬಳ್ಳಿ, ಆಸರೆ ಕೊಡಬೇಕು. ಆದರೂ ನನಗೆ ಇದೇ ಹೆಚ್ಚು ಇಷ್ಟ. ಗಡ್ಡೆ ಕಿತ್ತ ಮೇಲೆ ಬುಡದ ಮೊಗ್ಗನ್ನು ಮತ್ತೆ ನೆಟ್ಟರೆ ಬಳ್ಳಿ ಮುಂದುವರಿಯುತ್ತದೆ. ಅಶ್ವಗಂಧವನ್ನು ಬೇರಿಗಾಗಿ ಕಿತ್ತರೆ ಗಿಡವೇ ಹೋಯಿತು.

ಕುಂಡಗಳಷ್ಟೇ ಇದ್ದರೆ ಅಶ್ವಗಂಧ, ಬೇಲಿಯ ಅಂಚು ಖಾಲಿ ಇದ್ದರೆ ಶತಾವರಿ. ಬೀಜವನ್ನು ನರ್ಸರಿಯಿಂದಲೇ ತನ್ನಿ. ಔಷಧಿ ಸಸ್ಯಗಳಿಗೆ ಹೆಸರಾದ ಗದಗ ಜಿಲ್ಲೆಯ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಅಲ್ಲಿಂದ ಗಿಡ ಕಿತ್ತು ತರಬೇಡಿ.