ರೈಜೋಬಿಯಂ ಪುಡಿಯನ್ನು ಗೊಬ್ಬರ ಅಂದುಕೊಂಡು ಕೆಟ್ಟೆ

ಬಿತ್ತುವ ಮುಂಚೆ ಬೀಜಕ್ಕೆ ರೈಜೋಬಿಯಂ (ಕಾಳಿನ ಗಿಡಗಳ ಬೇರಲ್ಲಿ ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ) ಹಚ್ಚಬೇಕು ಅಂತಿದ್ದೀರಾ? ಹಚ್ಚಿ, ಬೇಡ ಅನ್ನುವುದಿಲ್ಲ. ನಾನು ಹಚ್ಚಿದ ಹಾಗೆ ಮಾತ್ರ ಹಚ್ಚಬೇಡಿ.

ಆ ಹೊಲಕ್ಕೆ ನಾನು ಸೋಯಾಬೀನ್ ಹಾಕಿದ್ದು ಅದೇ ಮೊದಲು. ಸೋಯಾ ಬೇರಲ್ಲಿ ಗಂಟು ಕಟ್ಟುವ ಬ್ಯಾಕ್ಟೀರಿಯಾವೇ ಬೇರೆ, ಬ್ರಾಡಿರೈಜೋಬಿಯಂ ಜಪೋನಿಕಂ ಅಂತ. ಕಡಲೆಗೆ ಒಗ್ಗುವುದು ಇದಕ್ಕೆ ಒಗ್ಗುವುದಿಲ್ಲ. ಸೋಯಾ ಬೆಳೆಯದ ಮಣ್ಣಲ್ಲಿ ಇದು ಸಾಮಾನ್ಯವಾಗಿ ಇರುವುದೂ ಇಲ್ಲ. ಅಂದರೆ ನಾವು ಬೀಜದ ಜೊತೆ ಕಳಿಸಿದರೆ ಉಂಟು, ಇಲ್ಲಾಂದ್ರೆ ಇಲ್ಲ. (ಎಲ್ಲಾ ಕಾಳಿಗೂ ಒಂದೇ ಪುಡಿ ಅಂತ ಮಾರುವವರಿದ್ದಾರೆ. ನಾನಾದರೆ ಮುಟ್ಟುವುದಿಲ್ಲ.)

ಸರಿಯಾದ ಪ್ಯಾಕೆಟ್ಟನ್ನೇ ತಂದಿದ್ದೆ. ಎರಡು. ಒಂದನ್ನು ಮನೆಯೊಳಗೆ ಇಟ್ಟೆ, ಇನ್ನೊಂದು ಗಾಡಿಯಲ್ಲೇ ಉಳಿಯಿತು. ಕಿಟಕಿ ಮುಚ್ಚಿದ ಗಾಡಿ, ಮೂರು ದಿನ ಸುಡು ಬಿಸಿಲು. ಯೂರಿಯಾ ಚೀಲ ಬಿಸಿಲಲ್ಲಿದ್ದರೆ ಏನಾಗುತ್ತೆ, ಏನೂ ಆಗಲ್ಲ ಅಲ್ವಾ? ನಾನು ಅದೇ ಲೆಕ್ಕ ಹಾಕಿದೆ. ಆದರೆ ಆ ಕಪ್ಪು ಪುಡಿಯಲ್ಲಿ ಇದ್ದದ್ದು ಜೀವ. 40 ಡಿಗ್ರಿ ದಾಟಿದರೆ ಅದು ಉಳಿಯುವುದು ಕಷ್ಟ.

ಇಷ್ಟಕ್ಕೇ ನಿಂತಿದ್ದರೆ ಅರ್ಧವಾದರೂ ಬದುಕುತ್ತಿತ್ತೇನೋ. ಗಾಡಿಯಲ್ಲಿದ್ದ ಆ ಪ್ಯಾಕೆಟ್ಟನ್ನೇ ಟಬ್ಬಲ್ಲಿದ್ದ ಬೀಜಕ್ಕೆ ಹಾಕಿದೆ, ಎರಡು ಸಲ ಕೆಲಸ ಯಾಕೆ ಅಂತ ಬೀಜಕ್ಕೆ ಹಚ್ಚುವ ಶಿಲೀಂಧ್ರನಾಶಕ ಕ್ಯಾಪ್ಟಾನ್ ಪುಡಿಯನ್ನೂ ಅದೇ ಟಬ್ಬಿಗೆ ಸುರಿದು ಎಲ್ಲಾ ಒಟ್ಟಿಗೆ ಕಲಸಿದೆ. ಅಂಗಡಿಯವನನ್ನು ಕೇಳಿದ್ದೆ, "ಏನೂ ಆಗಲ್ಲ, ಹಾಕಿ" ಅಂದಿದ್ದ. ಅವನಿಗೇನು, ಎರಡೂ ಮಾರಿ ಆಗಿತ್ತು. ಶಿಲೀಂಧ್ರನಾಶಕ ಅನ್ನುವ ಹೆಸರು ನೋಡಿ ಬ್ಯಾಕ್ಟೀರಿಯಾಗೆ ಏನೂ ಮಾಡುವುದಿಲ್ಲ ಅಂದುಕೊಳ್ಳಬೇಡಿ. ಕ್ಯಾಪ್ಟಾನ್ ಅದನ್ನೂ ಕೊಲ್ಲುತ್ತದೆ, ತಾಮ್ರದ ಔಷಧಗಳೂ ಅಷ್ಟೆ.

ಬಿತ್ತುತ್ತಾ ಕೊನೆಗೆ ಎರಡು ಸಾಲಿಗೆ ಬೀಜ ಕಡಿಮೆ ಬಿತ್ತು. ಹೊಸ ಬೀಜ ತಂದೆ. ಕ್ಯಾಪ್ಟಾನ್ ಮುಗಿದಿತ್ತು. ಮನೆಯೊಳಗಿದ್ದ ಪ್ಯಾಕೆಟ್ ಒಡೆದು, ಅಂಟು ನೀರಲ್ಲಿ ಕಲಸಿ, ನೆರಳಲ್ಲಿ ಆರಿಸಿ ಬಿತ್ತಿದೆ.

ಐದನೇ ವಾರಕ್ಕೆ ಹೊಲವೆಲ್ಲ ಹಳದಿ. ಅಂಚಿನ ಎರಡು ಸಾಲು ಮಾತ್ರ ಕಡು ಹಸಿರು! ಎರಡೂ ಕಡೆಯಿಂದ ಒಂದೊಂದು ಗಿಡವನ್ನು ಮಣ್ಣಿನ ಸಮೇತ ಅಗೆದು ಬಕೆಟ್ಟಿನಲ್ಲಿ ಅದ್ದಿ ಬೇರು ತೊಳೆದೆ. (ಕಿತ್ತರೆ ಗಂಟೆಲ್ಲ ಮಣ್ಣಲ್ಲೇ ಉಳಿಯುತ್ತದೆ.) ಹಸಿರು ಗಿಡದ ತಾಯಿಬೇರಿನ ಸುತ್ತ ದಪ್ಪ ದಪ್ಪ ಗಂಟು. ಉಗುರಲ್ಲಿ ಸೀಳಿದರೆ ಒಳಗೆ ರಕ್ತದ ಹಾಗೆ ಕೆಂಪು, ಬೆರಳಿಗೂ ಹತ್ತಿತು. ಅದು ಲೆಗ್‌ಹಿಮೋಗ್ಲೋಬಿನ್ ಬಣ್ಣ, ಗಂಟು ಸಾರಜನಕ ಕಟ್ಟುತ್ತಿದೆ ಅನ್ನುವ ಗುರುತು. ಹಳದಿ ಗಿಡದ ಬೇರಲ್ಲಿ ಹುಡುಕಿ ಹುಡುಕಿ ಮೂರು ಗಂಟು ಸಿಕ್ಕವು, ಸಾಸಿವೆ ಗಾತ್ರದವು. ಸೀಳಿದರೆ ಒಳಗೆ ಬಿಳಿ.

ಕೊಂದದ್ದು ಬಿಸಿಲೋ ಔಷಧವೋ ಅಂತ ಬಿಡಿಸಿ ಹೇಳಲು ಬರುವುದಿಲ್ಲ, ಎರಡೂ ತಪ್ಪು ಒಂದೇ ಟಬ್ಬಿನಲ್ಲಿದ್ದವು. ಆಮೇಲೆ ಬೆಳೆ ಉಳಿಸಲು ಯೂರಿಯಾ ಹಾಕಲೇಬೇಕಾಯಿತು. ಗಾಬರಿಯಲ್ಲಿ ಚೆನ್ನಾಗಿದ್ದ ಎರಡು ಸಾಲಿಗೂ ಎರಚಿಬಿಟ್ಟೆ ನೋಡಿ! ಸಾರಜನಕ ಸುಮ್ನೆ ಸಿಕ್ಕರೆ ಗಿಡ ಯಾಕೆ ಗಂಟು ಸಾಕುತ್ತದೆ?

ಔಷಧ ಬೇಕೇ ಬೇಕು ಅಂದರೆ ಅದನ್ನು ಮೊದಲು ಹಚ್ಚಿ ಒಣಗಿಸಿ. ಬ್ಯಾಕ್ಟೀರಿಯಾ ಎಲ್ಲಕ್ಕಿಂತ ಕೊನೆಗೆ, ಜಾಸ್ತಿ ಪ್ರಮಾಣದಲ್ಲಿ, ಬಿತ್ತುವ ದಿನವೇ. ಕ್ಯಾಪ್ಟಾನ್ ಹಚ್ಚಿದ ಬೀಜವಾದರೆ ನಾನು ಆ ಆಸೆಯನ್ನೇ ಬಿಡುತ್ತೇನೆ. ಕ್ಲೋರಿನ್ ಹಾಕಿದ ನಲ್ಲಿ ನೀರಲ್ಲಿ ಕಲಸಬೇಡಿ. ತಾರೀಖು ಮುಗಿದ ಪ್ಯಾಕೆಟ್ ಅರ್ಧ ರೇಟಿಗೆ ಕೊಟ್ಟರೂ ಬೇಡ.

ಈ ಸಲದ ಪ್ಯಾಕೆಟ್ ಕಪಾಟಿನ ಕೆಳಗಿನ ಖಾನೆಯಲ್ಲಿದೆ. ಬೀಜಕ್ಕೆ ಅಂತ ಬೇರೆ ಟಬ್ಬನ್ನೇ ತಂದಿದ್ದೇನೆ.