ಸ್ವತಂತ್ರ ಏಜೆಂಟರೋ, ಬಿಲ್ಡರ್ ಕಂಪನಿಯ ನೌಕರರೋ: ಸಂಸಾರದ ದೃಷ್ಟಿಯಿಂದ ಒಂದು ಹೋಲಿಕೆ

ಬೆಂಗಳೂರಿನಲ್ಲಿ ಆಸ್ತಿ ಮಾರಾಟದ ವೃತ್ತಿಗೆ ಇಳಿಯುವವರು ಕಮಿಷನ್ ನಂಬಿದ ಸ್ವತಂತ್ರ ಏಜೆಂಟರಾಗಬಹುದು, ಇಲ್ಲವೇ ಬಿಲ್ಡರ್ ಕಂಪನಿಯ ಮಾರಾಟ ವಿಭಾಗದಲ್ಲಿ ಸಂಬಳಕ್ಕೆ ಸೇರಬಹುದು. ಕೊಳ್ಳುವವರಿಗೆ ಬಿಡುವಿರುವುದು ವಾರಾಂತ್ಯದಲ್ಲೇ ಆದ್ದರಿಂದ ಎರಡರಲ್ಲೂ ಭಾನುವಾರ ಮನೆಯವರ ಪಾಲಿಗೆ ಸಿಗುವುದು ಕಷ್ಟ.

ಸ್ವತಂತ್ರ ಏಜೆಂಟರು ಮಗುವನ್ನು ಶಾಲೆಯಿಂದ ಕರೆತರುವ ಹೊತ್ತನ್ನು ತಾವೇ ಕಾಯ್ದಿಟ್ಟುಕೊಳ್ಳಬಹುದು. ಆದರೆ ರಾತ್ರಿ ಊಟದ ವೇಳೆಗೆ ಬರುವ ಗಿರಾಕಿಯ ಕರೆಯನ್ನು ಅವರ ಬದಲಿಗೆ ಸ್ವೀಕರಿಸುವವರಿಲ್ಲ. ಆಷಾಢದಲ್ಲಿ ಅನೇಕ ಕುಟುಂಬಗಳು ನೋಂದಣಿ, ಗೃಹಪ್ರವೇಶಗಳನ್ನು ಮುಂದೂಡುವುದರಿಂದ, ಶಾಲಾ ಶುಲ್ಕದ ಹೊರೆ ಇನ್ನೂ ಇಳಿಯದ ಆ ದಿನಗಳಲ್ಲೇ ಆದಾಯ ಬತ್ತುತ್ತದೆ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯಂತೆ, ನೋಂದಾಯಿತ ಯೋಜನೆಗಳ ಫ್ಲ್ಯಾಟ್ ಅಥವಾ ನಿವೇಶನ ಮಾರಿಸಲು ಏಜೆಂಟರೂ ನೋಂದಾಯಿಸಿಕೊಂಡು ಲೆಕ್ಕಪತ್ರ ಇಡಬೇಕಾಗಿದ್ದು, ಆ ಕೆಲಸವೂ ಮನೆಯ ಸಮಯವನ್ನೇ ತಿನ್ನುತ್ತದೆ.

ನೌಕರಿಯಲ್ಲಿ ಮಾರಾಟದ ಗುರಿಯ ಒತ್ತಡವಿದ್ದರೂ ತಿಂಗಳ ಸಂಬಳ ನಿಶ್ಚಿತ. ಅರ್ಹ ತಾಯಂದಿರಿಗೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ಹೆರಿಗೆ ರಜೆಯೂ ಉಂಟು, ಮತ್ತು ಇದು ಸಣ್ಣ ಸಂಗತಿಯಲ್ಲ. ಒಬ್ಬರ ದುಡಿಮೆಯನ್ನೇ ನಂಬಿದ, ಚಿಕ್ಕ ಮಕ್ಕಳಿರುವ ಮನೆಗೆ ನಾನು ನೌಕರಿಯನ್ನೇ ಸೂಚಿಸುತ್ತೇನೆ. ಸಂಗಾತಿಗೆ ಸ್ಥಿರ ಸಂಬಳವಿದ್ದು, ಕನಿಷ್ಠ ಆರು ತಿಂಗಳ ಖರ್ಚನ್ನು ಕೂಡಿಟ್ಟವರು ಮಾತ್ರ ಸ್ವತಂತ್ರ ದಾರಿಯನ್ನು ಧೈರ್ಯವಾಗಿ ಹಿಡಿಯಬಹುದು.