ಲಾರಿಯ ಹಿಂಬದಿ ಕ್ಯಾಮೆರಾ: ತಂತಿಯದ್ದೋ, ವೈರ್‌ಲೆಸ್ಸೋ?

ತೊಗರಿ ಸೀಜನ್ನಿಗೆ ಮುಂಚೆ ಲಾರಿಗೆ ಹಿಂಬದಿ ಕ್ಯಾಮೆರಾ ಹಾಕಿಸಬೇಕು, ಯಾವುದು ಹಾಕಿಸಲಿ ಎಂದು ಕೇಳಿದ್ದೀರಿ. ಕಲಬುರಗಿ ಎಪಿಎಂಸಿಯಲ್ಲಿ ಚೀಲ ಇಳಿಸಲು ರಿವರ್ಸ್ ಬರುವಾಗ ಡಾಲಾದ (ಹಿಂಬದಿ ಬಾಗಿಲಿನ) ಹಿಂದೆಯೇ ಹಮಾಲರು ನಿಂತಿರುತ್ತಾರೆ. ಪಕ್ಕದ ಕನ್ನಡಿಗೆ ಆ ಜಾಗ ಕಾಣುವುದೇ ಇಲ್ಲ. ಹಾಕಿಸಿಯೇ ಬಿಡಿ.

ಮುಖ್ಯ ಪ್ರಶ್ನೆ ಚಿತ್ರ ನಡುವೆ ನಿಂತುಹೋಗುತ್ತದೋ ಇಲ್ಲವೋ ಎಂಬುದು. ತಂತಿಯದ್ದರಲ್ಲಿ ಚಿತ್ರ ತಡೆಯಿಲ್ಲದೆ ಬರುತ್ತದೆ. ವೈರ್‌ಲೆಸ್‌ನಲ್ಲಿ ಉದ್ದನೆಯ ಕಬ್ಬಿಣದ ಬಾಡಿ ಸಿಗ್ನಲ್ ತಡೆದು ಚಿತ್ರ ಆಗಾಗ ಹೆಪ್ಪುಗಟ್ಟಬಹುದು. ಚಿತ್ರ ಒಂದೇ ಸೆಕೆಂಡು ನಿಂತರೂ, ಗಂಟೆಗೆ 5 ಕಿ.ಮೀ. ವೇಗದಲ್ಲೇ ಅಷ್ಟರಲ್ಲಿ ಗಾಡಿ ಸುಮಾರು 1.4 ಮೀಟರ್ ಹಿಂದೆ ಸರಿದಿರುತ್ತದೆ. ಆ ಅಂತರದಲ್ಲಿ ಒಬ್ಬ ಮನುಷ್ಯ ನಿಂತಿರಬಹುದು. ಒಂದೇ ಲಾರಿ, ಒಂದೇ ಬಾಡಿ ಎಂದಾದರೆ ನನ್ನ ಮಾತು ತಂತಿಯ ಕಡೆಗೇ.

ಕೂಲಿ ಮಾತ್ರ ತಂತಿಯದ್ದಕ್ಕೆ ಹೆಚ್ಚು. ಚಾಸಿಗುಂಟ ಎಳೆದು, ಸೈಲೆನ್ಸರ್‌ನಿಂದ ದೂರವಿಟ್ಟು, ಪೈಪಿನೊಳಗೆ ತೂರಿಸಬೇಕು. ಶಹಾಬಾದ್ ಕಲ್ಲು ಹೊರುವ ಗಾಡಿಯಾದರೆ ಗೇಣಿಗೊಂದು ಕ್ಲಿಪ್ ಹಾಕಿಸಿ, ಕುಲುಕಾಟಕ್ಕೆ ತಂತಿ ಸವೆಯುತ್ತದೆ.

ಬೀದರ್ ಕಡೆ ಕಬ್ಬಿನ ಟ್ರಾಕ್ಟರಿಗೆ ದಿನಾ ಟ್ರೇಲರ್ ಬದಲಾಗುತ್ತದಲ್ಲ, ಅಲ್ಲಿ ಮ್ಯಾಗ್ನೆಟ್ ಇರುವ, ಬ್ಯಾಟರಿಯ ವೈರ್‌ಲೆಸ್ಸೇ ಅನುಕೂಲ. ಚಾರ್ಜ್ ಮಾಡುವುದು ಮರೆಯಬಾರದು ಅಷ್ಟೆ.

ಎರಡರಲ್ಲೂ ನೋಡಬೇಕಾದದ್ದು ವೋಲ್ಟೇಜ್. ದೊಡ್ಡ ಲಾರಿಗಳದ್ದು ಸಾಮಾನ್ಯವಾಗಿ 24 ವೋಲ್ಟ್, ಕಾರಿನ 12 ವೋಲ್ಟ್ ಕಿಟ್ ಸುಟ್ಟು ಹೋಗುತ್ತದೆ. ಧೂಳು ಎರಡಕ್ಕೂ ಶತ್ರು: ಬೆಳಗ್ಗೆ ಗಾಡಿ ತೆಗೆಯುವ ಮುಂಚೆ ಒದ್ದೆ ಬಟ್ಟೆಯಿಂದ ಲೆನ್ಸ್ ಒರೆಸಿ. ಕ್ಲೀನರ್ ಇದ್ದರೆ ಅವನನ್ನು ಇಳಿಸಿಯೇ ರಿವರ್ಸ್ ಹಾಕಿ, ಕ್ಯಾಮೆರಾ ಯಾವುದೇ ಇರಲಿ.